ಹೊಳೆಗೆ ಬಿಟ್ಟ ಅಂಗಿ

ಅಪ್ಪ ಹೊಸ ಅಂಗಿ ಕೊಂಡದ್ದನ್ನು ನಾನು ನೋಡಿಲ್ಲ. ನಮಗೆ ಬಡತನವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಅಪ್ಪನಿಗೆ ಜಂಬವಿತ್ತು. "ಹೊಸ ಬಟ್ಟೆಗೆ ಗಂಜಿ ಆಕಿರ್ತರೆ, ಗುಣ ಗೊತ್ತಾಗಕಿಲ್ಲ. ಐವತ್ತು ಸಲ ಒಗ್ಸ್ಕಂಡೂ ನಿಂತಿರ್ತದಲ್ಲ, ಅದು ಬಟ್ಟೆ," ಎನ್ನುತ್ತಿದ್ದ. ನರಸೀಪುರದ ಸಂತೆಯಲ್ಲಿ ಹಳೆ ಬಟ್ಟೆಯ ಗುಡ್ಡೆ ಮುಂದೆ ಕುಕ್ಕರಗಾಲಲ್ಲಿ ಕೂತರೆ ಏಳುತ್ತಿರಲಿಲ್ಲ. ಅಂಗಿಯ ಒಳಮಗ್ಗುಲು ತಿರುಗಿಸಿ ಹೊಲಿಗೆಯನ್ನು ಬಿಸಿಲಿಗೆ ಹಿಡಿಯುವನು, ಹೆಬ್ಬೆರಳಿಗೆ ಎಂಜಲು ಹಚ್ಚಿ ಬಣ್ಣ ಬಿಡುತ್ತದೋ ಎಂದು ಉಜ್ಜುವನು. ಪಕ್ಕದಲ್ಲಿ ನಿಂತ ನನಗೆ ನಾಚಿಕೆಯಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಅಪ್ಪನಿಗೆ ಟೈಫಾಯಿಡ್ ಬಂತು. ತಿಂಗಳು ಮಲಗಿ ಎದ್ದ. ಕಾಯಿಲೆಯಲ್ಲಿ ತೊಟ್ಟಿದ್ದ ಬಟ್ಟೆಯನ್ನು ಕಪಿಲೆಗೆ ಬಿಟ್ಟರೆ ಕಾಯಿಲೆಯೂ ಅದರ ಜೊತೆ ಹೋಗುತ್ತದೆಂಬುದು ಅವ್ವನ ನಂಬಿಕೆ. ಅಪ್ಪನ ನೀಲಿ ಗೀಟಿನ ಅಂಗಿಯನ್ನು ಚೀಲಕ್ಕೆ ತುರುಕಿ, ನನ್ನನ್ನೂ ಕರೆದುಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಸ್ನಾನಘಟ್ಟದಲ್ಲಿ ಮುಳುಗೆದ್ದು, ಅಂಗಿಯನ್ನು ನೀರಿಗೆ ಬಿಟ್ಟು, ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು. "ನಿಮ್ಮಪ್ಪಂಗೆ ಯೋಳ್ಬ್ಯಾಡ. ಒಳ್ಳೆ ಬಟ್ಟೆ ಕಳದ್ಬುಟ್ಟೆ ಅಂತ ಬೈತರೆ."

ನಾನು ತಿರುಗಿ ನೋಡಿದೆ. ಕೆಳಗಡೆ ಒಬ್ಬ ಹೆಂಗಸು ಉದ್ದ ಕೊಕ್ಕೆಯಿಂದ ಬಟ್ಟೆಗಳನ್ನು ದಡಕ್ಕೆ ಎಳೆಯುತ್ತಿದ್ದಳು. ಯಾಕೆಂದು ನನಗೆ ಹೊಳೆಯಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಅಪ್ಪ ಸಂತೆಯಿಂದ ಹಲ್ಲು ಕಿರಿಯುತ್ತ ಬಂದ. ಕೈಯಲ್ಲಿ ಇಸ್ತ್ರಿ ಮಾಡಿದ ನೀಲಿ ಗೀಟಿನ ಅಂಗಿ. "ನೋಡು, ಕಂಕಳತ್ರ ಯಾವ ಪುಣ್ಯಾತ್ಗಿತ್ತಿನೋ ಅಸ್ರು ದಾರದಲ್ಲಿ ವಲ್ದವ್ಳೆ. ಎಂಥ ಕೈ!"

ಅವ್ವನ ಮುಖ ಬಿಳಿಚಿಕೊಂಡಿತು. ನೀಲಿ ದಾರ ಮುಗಿದಿದೆಯೆಂದು ಹಸಿರಿನಲ್ಲಿ ಹೊಲಿದವಳು ಅವಳೇ. ಅಪ್ಪನಿಗೆ ಗುರುತು ಸಿಗಲಿಲ್ಲವೇ? ಅದೇ ಥರದ ಅಂಗಿ ಅವನಿಗೆ ಮೂರಿದ್ದವು. ಕೊಂಡು ತಂದ ಮೇಲೆ ಹೊಲಿಗೆಯೆಲ್ಲ ಅವ್ವನ ಪಾಲು, ಅವನು ಕಣ್ಣೆತ್ತಿ ನೋಡಿದವನಲ್ಲ.

ಮಾರನೆಯ ದಿನ ಅಪ್ಪ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋದದ್ದೇ ತಡ, ಅವ್ವ ಹಸಿರು ದಾರ ಬಿಚ್ಚಿ ಬಿಳಿ ದಾರದಲ್ಲಿ ಹೊಲಿದಳು, ಗುಂಡಿಗಳನ್ನೆಲ್ಲ ಕಿತ್ತು ಬೇರೆ ಹಾಕಿದಳು. "ಈಗಿದು ಬ್ಯಾರೆ ಅಂಗಿ, ಅಲ್ವೇನೆ?" ಮತ್ತೆ ಹೊಳೆಗೆ ಬಿಡೋಣವೆಂದರೆ, ಒಂದು ಸಲ ಹೋದ ಕಾಯಿಲೆ ಎರಡನೇ ಸಲ ಹೋಗುತ್ತದೋ, ದೇವರಿಗೇ ಸಿಟ್ಟು ಬರುತ್ತದೋ? ಅಪ್ಪನಿಗೆ ಹೇಳಿಬಿಡೋಣವೆಂದರೆ, ಹೆದರಿಕೆಗೇ ಜ್ವರ ಬಂದರೆ? ಇಬ್ಬರಿಗೂ ದಾರಿ ಕಾಣಲಿಲ್ಲ.

ಆ ಅಂಗಿ ಹತ್ತು ವರ್ಷ ಬಾಳಿತು. ಅಪ್ಪ ಕೆಮ್ಮಿದಾಗಲೆಲ್ಲ ಅವ್ವ ಮೊದಲು ನೋಡುತ್ತಿದ್ದದ್ದು ಅಂಗಿಯನ್ನು. ನನಗೆ ಅವಳ ಮೇಲೆ ರೇಗುತ್ತಿತ್ತು. ನನಗೂ ಭಯವಿತ್ತು, ಅದಕ್ಕೇ ರೇಗುತ್ತಿತ್ತು. ಜ್ವರ ಮಾತ್ರ ಮತ್ತೆ ಬರಲಿಲ್ಲ.

ಆಮೇಲೆ ಅವ್ವನಿಗೆ ಕಾಮಾಲೆಯಾಯಿತು. ಮದುವೆಯಾಗಿ ಹುಲ್ಲಹಳ್ಳಿಯಲ್ಲಿದ್ದ ನಾನು ನೋಡಿಕೊಳ್ಳಲು ಬಂದಿದ್ದೆ. ಅವಳು ಚೇತರಿಸಿಕೊಳ್ಳುತ್ತಿದ್ದಾಗ ಒಂದು ಬೆಳಿಗ್ಗೆ ಹೇಳದೆ ಹೋದ ಅಪ್ಪ ಸಂಜೆಗೆ ಬಂದ. ಕೈಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಅವ್ವ ಕಾಯಿಲೆಯಲ್ಲಿ ಉಟ್ಟಿದ್ದ ಕೆಂಪು ಸೀರೆ.

"ನಂಜನಗೂಡ್ಗೋಗಿದ್ದೆ ಕಣವ್ವ. ಒಳೆಗೆ ಬುಟ್ಟೆ. ಕೆಳಗಡೆ ಕೊಕ್ಕೆ ಇಡ್ಕಂಡು ನಿಂತವ್ರೆ. ನಾನೇ ನೀರ್ಗಿಳಿದು ಎತ್ಕಂಡೆ."

"ಯಾಕಪ್ಪಾ?" ಎಂದೆ.

"ಸಂತೇಲಿ ಕಣ್ಗೆ ಬಿದ್ರೆ ಆ ಅಂಗಿಯಂಗೆ ಇದ್ನೂ ಕೊಂಡ್ಕಬತ್ತೀನಿ. ಒಳ್ಳೆ ಬಟ್ಟೆ."

ಅವ್ವ ಹಾಸಿಗೆಯಲ್ಲಿ ಎದ್ದು ಕೂತಳು. "ನಿಮ್ಗೆ ಗೊತ್ತಿತ್ತಾ?"

ಅಪ್ಪ ಸೀರೆ ಹಿಂಡುತ್ತ ಹೇಳಿದ: "ಅಸ್ರು ದಾರ ಬಿಚ್ಬಾರದಿತ್ತು ನೀನು. ಮೊದ್ಲಿನ ವಲಿಗೇನೇ ಗಟ್ಟಿ ಇತ್ತು."

ಅವ್ವ ಗಟ್ಟಿಯಾಗಿ ಅತ್ತಳು. ಹತ್ತು ವರ್ಷ ಬಾಯಿ ಬಿಡದಿದ್ದದ್ದಕ್ಕೆ ಬೈದಳು. ಕಾಯಿಲೆಯನ್ನೇ ತೊಟ್ಟುಕೊಂಡು ಓಡಾಡಿದ ಅಪ್ಪನಿಗೆ ಭಯವಿರಲಿಲ್ಲವೇ? ಇರದಿದ್ದರೆ ಸೀರೆಯನ್ನು ಹೊಳೆಗೆ ಒಯ್ದದ್ದೇಕೆ? ನನಗೆ ಇವತ್ತಿಗೂ ತಲೆಬುಡ ತಿಳಿಯದು.

ಸೀರೆ ಒಣಗಿದ ಮೇಲೆ ಅವ್ವ ಅದನ್ನೇ ಉಟ್ಟಳು.