ಹೊಟ್ಟೆ ತುಂಬಿದ ಕೌದಿ

ಸಿಂಧನೂರಿಗೂ ಚಳಿ ಬರುತ್ತದೆ, ನಗಬೇಡಿ. ಬಂದ ದಿನ ನಮ್ಮ ಟ್ರಂಕಿನಿಂದ ಕೌದಿ ಹೊರಬೀಳುತ್ತದೆ, ಬೇವಿನೆಲೆಯ ವಾಸನೆಯ ಜೊತೆಗೆ. ಇವತ್ತು ಬೆಳಿಗ್ಗೆ ಅದನ್ನು ಹೊದ್ದುಕೊಂಡೇ ನಾಳೆಯ ಪಾಠ ಓದುತ್ತಿದ್ದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮಾಸ್ತರ. ಪಾಠ ನೆರಳಿನ ಆರ್ಥಿಕತೆಯದು: ಯಾವ ದೇಶದಲ್ಲಿ ಎಷ್ಟು ದುಡಿಮೆ ಸರ್ಕಾರದ ಕಣ್ಣಿಗೆ ಬೀಳದೆ ನಡೆಯುತ್ತದೆ, ಯಾಕೆ? ತೆರಿಗೆಯ ಭಾರ, ಕಾಯ್ದೆಯ ಕಾಟ, ಕಚೇರಿಯ ಮೇಲೆ ಇಲ್ಲದ ನಂಬಿಕೆ. ಕಾರಣಗಳ ಸಾಲಿನಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ ಅನ್ನಿಸಿತು.

ಈ ಕೌದಿ ಹೊಲಿದವಳು ಮಸ್ಕಿಯಲ್ಲಿರುವ ಚಿಗವ್ವ, ನಮ್ಮವ್ವನ ತಂಗಿ. ಜನ ಹಳೆ ಸೀರೆ ತಂದುಕೊಡುತ್ತಾರೆ, ಕೂಲಿಗೆ ಜೋಳ ಅಳೆಯುತ್ತಾರೆ. ಕೊನೆಯ ತೇಪೆ ಮುಚ್ಚುವ ಮುನ್ನ ಒಳಗೊಂದು ತುಣುಕು ರೊಟ್ಟಿ ಇಡುವುದು ಅವಳ ಪದ್ಧತಿ. "ಹಸದ ಕೌದಿ ಹೊಚ್ಕೊಂಡ್ರ ನಿದ್ದಿ ಹತ್ತಂಗಿಲ್ಲಪ್ಪಾ" ಎನ್ನುತ್ತಾಳೆ.

ವರ್ಷಗಳ ಹಿಂದಿನ ಮಾತು. ನಾನು ಎಂ.ಎ. ಮುಗಿಸಿದ ಹೊಸತು, ಊರನ್ನೇ ಉದ್ಧಾರ ಮಾಡುವ ಹುಮ್ಮಸ್ಸು. ಕುಶಲಕರ್ಮಿಯ ಕಾರ್ಡು ಸಿಕ್ಕರೆ ಹೊಲಿಯಲು ಒಂದು ಶೆಡ್ಡಾದರೂ ಆಗುತ್ತದೆಂದು ಅವಳನ್ನು ಲಿಂಗಸುಗೂರಿನ ಒಂದು ಕಚೇರಿಗೆ ಕರೆದೊಯ್ದೆ. ಅರ್ಜಿ ನಾನೇ ತುಂಬಿದೆ.

ಗುಮಾಸ್ತ ಓದಿ ತಲೆಯೆತ್ತಿದ. "ಉದ್ಯೋಗ ಮನಿಗೆಲಸ ಅಂತ ಬರ್ದೀರಲ್ರೀ. ಇವರಿಗೆಂಥಾ ಕಾರ್ಡು?"

ಬರೆದದ್ದು ನನ್ನದೇ ಕೈ! ಹುಟ್ಟಿದಾಗಿನಿಂದ ಕಂಡ ಸೂಜಿ, ಪೆನ್ನು ಹಿಡಿದಾಗ ನೆನಪಾಗಲಿಲ್ಲ. ನಾಚಿಕೆಯಿಂದ ಸತ್ತೇಹೋದೆ. ತಿದ್ದಿ ಕೊಟ್ಟರೆ, ಅಂಗಡಿಯ ವಿಳಾಸ ಎಲ್ಲಿ ಎಂದ.

"ಎಲ್ಲಿ ಹಾಸ್ತೀನೋ ಅಲ್ಲೇ ಅಂಗಡಿರೀ," ಎಂದಳು ಚಿಗವ್ವ. ಅವನಿಗೆ ನಗು ಬಂತು, ನಮಗೆ ಕಾರ್ಡು ಬರಲಿಲ್ಲ.

ಬಸ್ಸಿನಲ್ಲಿ ನಾನು ವಾಪಸು ಬಂದ ಅರ್ಜಿ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. "ಯಾಕಲೇ, ಮಾರಿ ಸಣ್ಣದ್ ಮಾಡ್ಕೊಂಡು ಕುಂತಿ? ಕಾರ್ಡ್ ಇಲ್ದಿದ್ರ ಸೂಜಿ ಓಡಂಗಿಲ್ಲೇನು? ಆ ಕಾಗದ ಇಲ್ಲಿ ಕೊಡು" ಎಂದಳು. ಆ ವಾರ ಮುಗಿದ ಕೌದಿಯ ಹೊಟ್ಟೆಗೆ ರೊಟ್ಟಿಯ ಜೊತೆ ಅರ್ಜಿಯನ್ನೂ ಮಡಿಸಿಟ್ಟು ಹೊಲಿದು, ನನ್ನ ಹೆಗಲಿಗೇ ಹಾಕಿದಳು.

ಅದೇ ಇದು. ಒಗೆದೂ ಒಗೆದೂ ಒಳಗಿನ ಕಾಗದ ಕರಗಿರಬೇಕು, ತೇಪೆ ಮಾತ್ರ ಗಟ್ಟಿ. ಲೋಕದ ನೆರಳಿನ ದುಡಿಮೆಯನ್ನು ಅಳೆಯುವವರು ಅಳೆಯಲಿ. ಅದರಲ್ಲಿ ನಮ್ಮ ಚಿಗವ್ವ ಇದ್ದಾಳೆ, ಮಸ್ಕಿಯ ಎಷ್ಟೋ ಮನೆಗಳು ಅವಳ ಕೈಯ ಬಿಸುಪಿನಲ್ಲಿ ಮಲಗುತ್ತವೆ. ನನಗೆ ಹೆಮ್ಮೆ, ಬಹಳ ಹೆಮ್ಮೆ.

ಫೋನು ಹಚ್ಚಿದೆ. "ಚಿಗವ್ವಾ, ನಾಳೆ ನಮ್ಮ ಕಾಲೇಜಿಗೆ ಬಾ. ಹುಡುಗ್ರಿಗೆ ನೀನು ಪಾಠ ಹೇಳ್ಬೇಕು."

ಅವಳು ಕೇಳಿದ್ದು ಒಂದೇ ಮಾತು: "ಬೋರ್ಡಿನ ಮ್ಯಾಲ ನನ್ನ ಉದ್ಯೋಗ ಏನಂತ ಬರೀತಿ?"

"ಕೌದಿ ಹೊಲಿಯಾಕಿ ಅಂತ."

"ಹಂಗಾರ ಸೂಜಿ ತಗೊಂಡೇ ಬರ್ತೀನಿ," ಎಂದಳು.