ರೊಟ್ಟಿ ಮಾರುವ ಮನೆಯಲ್ಲಿ ಎರಡು ದಿನ

ಧಾರವಾಡದಿಂದ ಮುಧೋಳದ ಬಸ್ಸು ಬೆಳಿಗ್ಗೆ ಆರೂವರೆಗೆ ಹೊರಟಿತು. ಜನವರಿಯ ಥಂಡಿ. ನನ್ನ ಪಾಲಿನ ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡು ಮುಂದಕ್ಕೂ ಸರಿಯದು, ಹಿಂದಕ್ಕೂ ಸರಿಯದು. ಶಾಲನ್ನು ಕಿವಿಗೆ ಸುತ್ತಿಕೊಂಡು, ಗಾಜನ್ನೂ ಬಸ್ಸನ್ನೂ ಬೈಯುತ್ತ ಕೂತೆ. ಸವದತ್ತಿ, ಯರಗಟ್ಟಿ ದಾಟಿ ಲೋಕಾಪುರಕ್ಕೆ ಬರುವ ಹೊತ್ತಿಗೆ ಬಿಸಿಲು ಬಿದ್ದು ಜೀವ ಬಂತು.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಹುಬ್ಬಳ್ಳಿಯ ಒಂದು ಬಳಗದ ಪರವಾಗಿ ಊರೂರು ತಿರುಗಿ ನೋಡಿಬರುವ ಕೆಲಸ ಒಪ್ಪಿಕೊಂಡಿದ್ದೆ. ಬಳಗದಲ್ಲಿರುವವರೆಲ್ಲ ವ್ಯಾಪಾರಸ್ಥರು. ಸೇವಾ ಸಂಸ್ಥೆಗೆ ಚೆಕ್ಕು ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುವುದು ಅವರಿಗೆ ಸೇರದು. ಮೂರು ವರ್ಷ ಬಂಡವಾಳ ಹಾಕುತ್ತಾರೆ, ಜೊತೆಗೆ ವ್ಯಾಪಾರದ ಬುದ್ಧಿ ಹೇಳುತ್ತಾರೆ. ಅಷ್ಟರೊಳಗೆ ಆ ಸಂಸ್ಥೆ ಏನಾದರೂ ಮಾಡಿ ಮಾರಿ, ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವಂತಾಗಬೇಕು. ಇದಕ್ಕೆ ವೆಂಚರ್ ಫಿಲಾಂತ್ರಪಿ ಎಂದು ಹೆಸರು. ಅದನ್ನು ಕೇಳಿ ನಮ್ಮವ್ವ, "ಯಾವ ಜಡ್ಡಿಗೆ ಕೊಡೂ ಔಷಧವಾ ಅದು?" ಎಂದಿದ್ದಳು.

ನಾನು ಹೊರಟಿದ್ದು ಬನಹಟ್ಟಿ ಹತ್ತಿರದ ಚಿಮ್ಮಡಕ್ಕೆ. ಅಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ಒಂದು ಸಣ್ಣ ಶಾಲೆ. ಮೊದಲು ಸಹಾಯ ಕೊಡುತ್ತಿದ್ದವರು ಕೈ ಬಿಟ್ಟಿದ್ದರು. ಶಾಲೆಯ ಖರ್ಚಿಗೆಂದೇ ಊರಿನ ಐದು ಮಂದಿ ಹೆಣ್ಣುಮಕ್ಕಳು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ನಮ್ಮ ಬಳಗ ಒಂದು ವರ್ಷದ ಬಂಡವಾಳ ಹಾಕಿತ್ತು. ರೊಟ್ಟಿ ಚೆನ್ನಾಗಿ ಹೋಗುತ್ತಿದೆ, ಆದರೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ ಎಂಬ ಸುದ್ದಿ. ಯಾಕೆಂದು ನೋಡಿ ಬಾ, ಸರಿಹೋಗುವ ಹಾಗಿಲ್ಲದಿದ್ದರೆ ಮುಂದಿನ ವರ್ಷದ್ದು ನಿಲ್ಲಿಸೋಣ ಎಂದು ಬಳಗದವರು ಹೇಳಿ ಕಳಿಸಿದ್ದರು. ನಿಲ್ಲಿಸಿದರೆ ಪರೀಕ್ಷೆ ಮುಗಿದ ಮೇಲೆ ಶಾಲೆಗೆ ಬೀಗ.

ಮುಧೋಳದಲ್ಲಿ ಇಳಿದು ಚಹಾ ಕುಡಿದು ಮಹಾಲಿಂಗಪುರದ ಬಸ್ಸು ಹತ್ತಿದೆ. ಕಬ್ಬಿನ ಹಂಗಾಮು, ದಾರಿ ತುಂಬ ಸಮೀರವಾಡಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು, ಮೇಲೆ ಬೆಟ್ಟದಷ್ಟು ಕಬ್ಬು. ನಮ್ಮ ಡ್ರೈವರ್ ಹಾರ್ನು ಹೊಡೆದು ಹೊಡೆದು ಸಾಕಾಗಿ, ಕೊನೆಗೆ ಒಂದು ಟ್ರ್ಯಾಕ್ಟರಿನವನಿಂದ ಕಬ್ಬಿನ ಗಳವೊಂದನ್ನು ಕಿತ್ತುಕೊಂಡು ತಿನ್ನುತ್ತ ಸಮಾಧಾನ ಮಾಡಿಕೊಂಡ. ಮಹಾಲಿಂಗಪುರದಿಂದ ಚಿಮ್ಮಡಕ್ಕೆ ಸೀಟಿನ ಆಟೋ. ಮುಂದೆ ಡ್ರೈವರನ ಅಕ್ಕಪಕ್ಕ ಇಬ್ಬರು, ಹಿಂದೆ ನಾವು ಎಷ್ಟು ಮಂದಿ ಎಂದು ಎಣಿಸಲು ಕತ್ತು ತಿರುಗಿಸುವ ಹಾಗೂ ಇರಲಿಲ್ಲ.

ಶಾಲೆ ನಡೆಸುವ ಮಲ್ಲಪ್ಪ ಮಾಸ್ತರರು ದಾರಿಗೇ ಬಂದು ನಿಂತಿದ್ದರು. ಐವತ್ತರ ಆಸುಪಾಸು, ತಲೆಗೆ ಗಾಂಧಿ ಟೊಪಿಗೆ, ಬಾಯಿ ತುಂಬ ಮಾತು. ನಡೆಯುತ್ತಲೇ ಶುರು ಮಾಡಿದರು.

"ಚಿಕ್ಕಪಡಸಲಗಿ ಬ್ಯಾರೇಜ್ ನೋಡೀರೇನ್ರಿ ಅಕ್ಕಾರ? ಸರಕಾರದ ದಾರಿ ಕಾಯದ ರೈತರ ರೊಕ್ಕ ಹಾಕಿ ಕೃಷ್ಣಾ ಹೊಳಿಗೆ ಕಟ್ಟ್ಯಾರ. ನಮ್ಮ ಕಡೆ ಮಂದಿಗೆ ಕೈ ಒಡ್ಡೂದು ಗೊತ್ತಿಲ್ರಿ. ನಮ್ಮ ಸಾಲೀನೂ ಹಂಗ ನಿಂದ್ರಬೇಕು. ಆದ್ರ ಏನು ಮಾಡೋದು? ಒಲಿ ಆರೂದಿಲ್ಲ, ರೊಕ್ಕ ಉಳಿಯೂದಿಲ್ಲ."

ಶಾಲೆ ಎಂದರೆ ಎರಡು ಕೋಣೆ. ಅದಕ್ಕೆ ಗೋಡೆ ಹಚ್ಚಿಕೊಂಡೇ ಗಂಗವ್ವನ ಮನೆ. ರೊಟ್ಟಿ ಮಾಡುವುದು ಅಲ್ಲಿ. ಒಳಗೆ ಕಾಲಿಟ್ಟರೆ ಒಲೆಗಳ ಝಳ, ಟಪಟಪ ರೊಟ್ಟಿ ಬಡಿಯುವ ಸದ್ದು. ಆಚೆ ಶಾಲೆಯ ಮಕ್ಕಳಿಗೆ ಈ ಸದ್ದು ಕೇಳುವುದಿಲ್ಲ. ಆದರೆ ಒಬ್ಬ ಹುಡುಗಿ ಗೋಡೆಗೆ ಅಂಗೈ ಇಟ್ಟು, ಒಳಗಿನ ಬಡಿತಕ್ಕೆ ಸರಿಯಾಗಿ ತಲೆ ಆಡಿಸುತ್ತಿದ್ದಳು. ಆಕೆ ಗಂಗವ್ವನ ಮಗಳೇ ಎಂದು ಮಾಸ್ತರರು ಹೇಳಿದರು. ಈ ಶಾಲೆಗೆ ಬರುವ ಮೊದಲು ಯಾರ ಮುಖವನ್ನೂ ನೋಡದೆ ಮೂಲೆ ಹಿಡಿದು ಕೂಡುತ್ತಿದ್ದಳಂತೆ. ಈಗ ಕೈಸನ್ನೆಯಲ್ಲಿ ಅವ್ವನ ಜೊತೆ ಜಗಳವನ್ನೂ ಆಡುತ್ತಾಳೆ.

ಗಂಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಎತ್ತರದ, ಗಟ್ಟಿ ಹೆಂಗಸು. "ಕೈಕಾಲು ತೊಳಕೊಂಡು ಉಣ್ಣಾಕ ಕೂಡ್ರಿ" ಎಂಬುದೇ ಆಕೆ ನನಗೆ ಆಡಿದ ಮೊದಲ ಮಾತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆಮೊಸರು. ಎರಡೇ ರೊಟ್ಟಿ ಸಾಕೆಂದವಳು ನಾಲ್ಕು ಉಂಡೆ. ಇಂಥ ರೊಟ್ಟಿ ಮಾಡುವವರು ನಷ್ಟದಲ್ಲಿದ್ದಾರೆ ಎಂದರೆ ನಂಬುವುದಾದರೂ ಹೇಗೆ?

ಮಧ್ಯಾಹ್ನವೆಲ್ಲ ಪೊಲೀಸರ ಹಾಗೆ ಮೂಗು ತೂರಿಸಿದೆ. ಜೋಳ ದುಬಾರಿ ಕೊಳ್ಳುತ್ತಿದ್ದಾರೆಯೇ? ಇಲ್ಲ, ಸುಗ್ಗಿಯಲ್ಲೇ ರೈತರ ಮನೆಯಿಂದ ತಂದು ಹಾಕಿಕೊಂಡಿದ್ದರು. ರೊಟ್ಟಿ ಬಹಳ ಮುರಿಯುತ್ತವೆಯೇ? ಮುರಿದದ್ದನ್ನು ಮಕ್ಕಳ ಊಟಕ್ಕೆ ಕೊಡುತ್ತಿದ್ದರು. ಒಬ್ಬರಿಗೊಬ್ಬರು ಮೋಸ? ಆ ಮಾತು ಬಾಯಿಗೆ ಬರುವ ಮೊದಲೇ ನನಗೇ ನಾಚಿಕೆಯಾಯಿತು. ತಲೆ ಕೆರೆದುಕೊಂಡು ಪಡಸಾಲೆಯ ಕಟ್ಟೆಯ ಮೇಲೆ ಕೂತಿದ್ದೆ.

ಆಗ ಸಮೀರವಾಡಿ ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಬ್ಬ ಮೋಟಾರ್ ಸೈಕಲ್ ಮೇಲೆ ಬಂದ. ಹತ್ತು ರೊಟ್ಟಿಯ ಪಾಕೀಟು ಒಂದು ಬೇಕೆಂದ. "ಉಂಡೀಯೇನಪಾ?" ಎಂದಳು ಗಂಗವ್ವ. ಇಲ್ಲವ್ವಾ, ಪಾಳಿ ಮುಗಿಸಿ ಈಗ ಬಂದೆ ಎಂದ. ಮುಗಿಯಿತು! ತಾಟು ಬಂತು. ಅವನೂ ನನ್ನ ಹಾಗೆಯೇ ಬೇಡ ಬೇಡ ಎನ್ನುತ್ತ ನಾಲ್ಕು ರೊಟ್ಟಿ, ಎರಡು ಸಲ ಪಲ್ಯ, ಒಂದು ಬಟ್ಟಲು ಮೊಸರು ಮುಗಿಸಿ, ಒಂದು ಪಾಕೀಟಿನ ರೊಕ್ಕ ಕೊಟ್ಟು, ಡರ್ರನೆ ತೇಗಿ ಹೋದ. ಅವನ ಹಿಂದೆ ಜಮಖಂಡಿಯಿಂದ ಗಂಡ ಹೆಂಡತಿ. ಅವರಿಗೂ ಎರಡು ತಾಟು. ನಾನು ಹಣೆ ಹಣೆ ಬಡಿದುಕೊಂಡೆ.

"ಗಂಗವ್ವಾ, ಕೊಳ್ಳಾಕ ಬಂದವರಿಗೆಲ್ಲ ಹಿಂಗ ಊಟ ಹಾಕ್ತೀಯೇನು?"

"ಎಲ್ಲಾರಿಗೂ ಎಲ್ಲಿ ಹಾಕ್ತೇನ್ರಿ," ಎಂದಳು ಗಂಭೀರವಾಗಿ. "ಉಂಡು ಬಂದವ್ರಿಗೆ ಬರೇ ಚಹಾ."

ನಗು ತಡೆಯಲಾಗಲಿಲ್ಲ. ಮಾಸ್ತರರೂ ನಕ್ಕರು. ಗಂಗವ್ವ ನಗಲಿಲ್ಲ. "ಅಂಗಡ್ಯಾಗ ಗಿರಾಕಿಗೆ ಯಾರಾರ ಉಣಸ್ತಾರೇನವ್ವಾ?" ಎಂದೆ. ಆಕೆಗೆ ಸಿಟ್ಟೇ ಬಂತು.

"ಇದು ಅಂಗಡಿ ಎಲ್ಲೈತ್ರಿ? ನನ್ನ ಮನಿ ಐತಿ. ಬಾಗಲಕ ಬಂದವ್ರನ್ನ ಹಸದ ಹೊಟ್ಟೀಲೆ ಕಳಸಿದ್ರ ಮರ್ಯಾದಿ ಉಳಿತೈತೇನ್ರಿ? ಬೀಳಗಿ ತಾಲೂಕಿನ ಹೊಳಿ ದಂಡಿ ಊರ್ರಿ ನಮ್ದು. ಆಲಮಟ್ಟಿ ಹಿನ್ನೀರಿಗೆ ಮುಳುಗಡಿ ಆತು. ಟ್ರ್ಯಾಕ್ಟರದಾಗ ಸಾಮಾನು ಹೇರಕೊಂಡು ಬರುವಾಗ, ಗುರುತಿಲ್ಲದ ಒಬ್ಬಾಕಿ ದಾರ್‍ಯಾಗ ನಿಂದ್ರಿಸಿ ನಮಗೆಲ್ಲಾ ರೊಟ್ಟಿ ಕೊಟ್ಲು. ನಮ್ಮ ಹೆಸರು ಸೈತ ಕೇಳಲಿಲ್ಲ. ಅವತ್ತ ಆಕಿ ರೊಕ್ಕ ಕೇಳಿದ್ರ ಏನು ಕೊಡ್ತಿದ್ವಿ?"

ಉಳಿದ ಹೆಣ್ಣುಮಕ್ಕಳೆಲ್ಲ ಕೈ ನಿಲ್ಲಿಸಿದ್ದರು. ಆದರೆ ನಾನು ಸುಮ್ಮನಿದ್ದರೆ ಗೋಡೆಯಾಚೆಯ ಆ ಮಗು ಮತ್ತೆ ಮೂಲೆ ಸೇರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಇದ್ದದ್ದನ್ನು ಹೇಳಿದೆ: ಹೀಗೇ ನಡೆದರೆ ಬಳಗ ಮುಂದೆ ದುಡ್ಡು ಹಾಕುವುದಿಲ್ಲ, ಶಾಲೆ ಮುಚ್ಚುತ್ತದೆ. ಗಂಗವ್ವ ಶಾಲೆಯ ಕಡೆಯ ಗೋಡೆಯನ್ನು ನೋಡಿದಳು. ಆಮೇಲೆ, "ಮನ್ಯಾಗ ಕುಂತು, ಉಣಸದ ಬರೇ ರೊಕ್ಕಾ ಕೇಳೂದು ನನ್ನ ಕೈಲೆ ಆಗೂದಿಲ್ರಿ. ಕೊಂದ್ರೂ ಆಗೂದಿಲ್ಲ" ಎಂದಳು.

"ಹಂಗಾದ್ರ ಮನ್ಯಾಗ ಮಾರಬ್ಯಾಡ" ಎಂದೆ. ನಿಜ ಹೇಳಬೇಕೆಂದರೆ, ಸಿಡುಕಿನಲ್ಲಿ ಬಾಯಿಗೆ ಬಂದ ಮಾತು. ಆದರೆ ಮಾಸ್ತರರ ಕಣ್ಣು ಅರಳಿತು. ಬನಹಟ್ಟಿಯಲ್ಲಿ ಮನೆ ಮನೆಗೂ ಮಗ್ಗ. ಗಂಡಸರು ನೇಯ್ದರೆ ಹೆಂಗಸರು ದಿನವಿಡೀ ನೂಲು ಸುತ್ತುತ್ತಾರೆ. ರೊಟ್ಟಿ ಬಡಿಯಲು ಪುರುಸೊತ್ತೆಲ್ಲಿ? ನಾಳೆಯೇ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮಾರಿ ನೋಡೋಣ ಎಂದರು. "ಬಸ್‌ಸ್ಟ್ಯಾಂಡಿನಾಗ ನಿಂತು ಕೂಗೂದೇನ್ರಿ?" ಎಂದು ಗಂಗವ್ವ ಸೆರಗು ಬಾಯಿಗಿಟ್ಟುಕೊಂಡಳು. ಕಡೆಗೂ ಒಪ್ಪಿದಳು.

ಮರುದಿನ ಬೆಳಿಗ್ಗೆ ರೊಟ್ಟಿಯ ಬುಟ್ಟಿಗಳ ಜೊತೆ ನಾವು ಮೂವರೂ ಬನಹಟ್ಟಿಗೆ ಬಂದೆವು. ಬಸ್‌ಸ್ಟ್ಯಾಂಡಿನ ಹೊರಗೆ, ಪರಿಚಯದ ಪಾನ್ ಅಂಗಡಿಯವರ ಪಕ್ಕ, ಮಾಸ್ತರರು ಶಾಲೆಯಿಂದ ತಂದ ಮೇಜು ಹಾಕಿದೆವು. ಮೊದಲ ಗಿರಾಕಿ ನೇಕಾರರ ಹೆಣ್ಣುಮಗಳೊಬ್ಬಳು. "ಉಂಡಿಯೇನವ್ವಾ?" ಎನ್ನುತ್ತ ಗಂಗವ್ವ ಚಟ್ನಿಯ ಡಬ್ಬಿಗೆ ಕೈ ಹಾಕಿದಳು. ನಾನು ಕೆಮ್ಮಿದೆ. ಕೈ ಹಿಂದಕ್ಕೆ ಬಂತು. ಮೂರು ನಾಲ್ಕು ಸಲ ಹೀಗೆ ಕೆಮ್ಮಿದ ಮೇಲೆ ಪಾನ್ ಅಂಗಡಿಯವರು ನನಗೆ ಜ್ಯೇಷ್ಠಮಧು ತಂದು ಕೊಟ್ಟರು.

ಆಮೇಲೆ ನಾನು ಊರು ಸುತ್ತಲು ಹೋದೆ. ಯಾವ ಓಣಿಗೆ ಹೊಕ್ಕರೂ ಖಟಖಟ ಮಗ್ಗದ ಸದ್ದು. ಜನ ಅದರ ಮೇಲೆ ದನಿ ಎತ್ತಿ ಮಾತಾಡುತ್ತಾರೆ. ಒಂದು ಮನೆಯಲ್ಲಿ ಹಸಿರು ಮೈಗೆ ಕೆಂಪು ದಡಿಯ ಸೀರೆ ಇಳಿಯುತ್ತಿತ್ತು. ಕಣ್ಣು ಕೀಳಲಾರದೆ ನಿಂತೇ ನಿಂತೆ. ಬೇಕೆಂದರೂ ಕೊಳ್ಳಲಾಗದು, ಯಾರೋ ಮೊದಲೇ ಮುಂಗಡ ಕೊಟ್ಟಿದ್ದ ಸೀರೆ. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಓಡಿಕೊಂಡು ಬಂದಾಗ ಜಮಖಂಡಿ ಮೇಲೆ ಧಾರವಾಡಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿತ್ತು. ಬುಟ್ಟಿಗಳು ಖಾಲಿ. ಮಾಸ್ತರರ ಮುಖ ಊರ ಅಗಲ ಅರಳಿತ್ತು. ಮೇಜಿನ ಮೇಲೆ ಎರಡೇ ಪಾಕೀಟು. ಹೊರಡುವ ಗಡಿಬಿಡಿಯಲ್ಲಿ ಬೆಳಗಿನಿಂದ ನನ್ನ ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ತವರಿನಲ್ಲಿ ಕೇಳಿದ ಹಾಗೆ, "ಗಂಗವ್ವಾ, ಹಸಿವು ತಡಿಯವಲ್ದು, ಒಂದು ಕೊಡವಾ" ಎಂದು ಕೈ ಚಾಚಿದೆ.

ಆಕೆ ಪಾಕೀಟು ಎತ್ತಿದಳು. ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡು, ನನ್ನ ಮುಖ ನೋಡದೆ, "ಮೂವತ್ತು ರೂಪಾಯಿರೀ ಅಕ್ಕಾರ" ಎಂದಳು.

"ಏ ಗಂಗವ್ವಾ! ಯಾರನ್ನ ರೊಕ್ಕಾ ಕೇಳಾಕತ್ತಿ?" ಎಂದು ಮಾಸ್ತರರು ಗದರಿದರು. ನಾನು ಅವರನ್ನು ಸುಮ್ಮನಿರಿಸಿ ಪರ್ಸು ತೆಗೆದೆ. ನೋಟು ಇಸಿದುಕೊಳ್ಳುವಾಗ ಆಕೆಯ ಕಣ್ಣು ತುಂಬಿತ್ತು.

"ಬೈಬ್ಯಾಡ್ರಿ ಅಕ್ಕಾರ. ಇವತ್ತ ನಿಮಗ ಬಿಟ್ರ ನಾಳೆ ಮತ್ತೊಬ್ಬರಿಗೆ ಬಿಡ್ತೇನಿ. ನನ್ನ ಕೈ ನನಗ ಗೊತ್ತೈತ್ರಿ."

ಕಂಡಕ್ಟರು ಸೀಟಿ ಊದಿದ. ಹತ್ತಿ ಕೂತೆ. ಬಳಗದವರಿಗೆ ಏನು ಹೇಳಬೇಕೆಂಬುದು ತೀರ್ಮಾನವಾಗಿತ್ತು: ಕಣ್ಣು ಮುಚ್ಚಿ ಬಂಡವಾಳ ಹಾಕಿರಿ, ಶಾಲೆ ಉಳಿಯುತ್ತದೆ. ಇಷ್ಟು ಒಳ್ಳೆಯ ಸುದ್ದಿ ಹೊತ್ತು ಹೊರಟವಳಿಗೆ ಅಳು ಯಾಕೆ ಬಂತೋ! ಜಮಖಂಡಿ ಬರುವವರೆಗೂ ಪಾಕೀಟು ತೊಡೆಯ ಮೇಲೆ ಹಾಗೇ ಇತ್ತು. ಆಮೇಲೆ ಬಿಚ್ಚಿ, ರೊಟ್ಟಿ ಮುರಿದು ಬಾಯಿಗಿಟ್ಟೆ. ನಿನ್ನೆ ಆ ಮನೆಗೆ ನಾನು ನೆಂಟಳು. ಇವತ್ತಿನಿಂದ ಗಿರಾಕಿ.