ಪಾಚಿಗೂ ಹೆಪ್ಪು ಬೇಕು

ಪಾಚಿ ತಾನಾಗಿ ಸಾಯಲಿಲ್ಲ. ನನ್ನ ಸೊಸೆ ವನಜಾ ಅದನ್ನು ಸೀಗೇಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು ಚರಂಡಿಗೆ ಬಿಟ್ಟಳು. ನಡೆದದ್ದು ಇಷ್ಟೇ. ಮಳೆ ಹೆಚ್ಚಾಯಿತು, ಬಿಸಿಲು ಸಾಲದಾಯಿತು ಎಂದು ನಮ್ಮ ಮನೆಮಂದಿ ಇವತ್ತಿಗೂ ನೆಂಟರ ಮುಂದೆ ಹೇಳುವುದೆಲ್ಲ ಅವಳ ಮರ್ಯಾದೆ ಉಳಿಸುವುದಕ್ಕೆ.

ಈ ಬೆಳಿಗ್ಗೆ ಪಕ್ಕದ ಮನೆಯವರು ಕಾಂಪೌಂಡಿನ ಪಾಚಿಗೆ ಬ್ಲೀಚಿಂಗ್ ಪುಡಿ ಸುರಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಲ್ಲಿ ‘ಅಯ್ಯೋ ಪಾಪ’ ಅಂತ ಬಂತು. ಪಾಚಿಗೆ ಪಾಪ ಅನ್ನುವ ಮುದುಕಿ ಬನಶಂಕರಿಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ. ನಗುವುದಕ್ಕೆ ಮುಂಚೆ ಸ್ವಲ್ಪ ಕೂತು ಕೇಳಿ.

ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ ಕಾಲ. ಮೊಮ್ಮಗಳು ಶುಭಾ ಎಂ.ಟೆಕ್. ಓದುತ್ತಿದ್ದಳು, ಕುಡಿಯುವ ನೀರಿನ ವಿಷಯ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಇಷ್ಟು ವರ್ಷ ಓದಬೇಕೇನೇ ಎಂದು ಕೇಳಿದೆ. “ನಲ್ಲೀಲಿ ಬರೋಕ್ಮುಂಚೆ ಅದು ಹೇಗಿತ್ತು ಅಂತ ಗೊತ್ತಾದ್ರೆ ನೀವು ಕುಡಿಯೋದೇ ಇಲ್ಲ ಅಜ್ಜಿ” ಅಂದಳು.

ಸಂಶೋಧನೆಗೆಂದು ಟೆರೇಸಿನ ಮೇಲೆ ಒಂದು ನೀಲಿ ಡ್ರಮ್ಮು ಇಟ್ಟಳು. ಒಳಗೆ ಜಲ್ಲಿ, ಅದರ ಮೇಲೆ ಮರಳು. ಮೇಲಿನಿಂದ ಕೆರೆಯ ಕೊಳಕು ನೀರು ಹೊಯ್ದರೆ ಕೆಳಗಿನ ನಲ್ಲಿಯಲ್ಲಿ ತಿಳಿನೀರು ಬರಬೇಕು. ಶುದ್ಧ ಮಾಡುವುದು ಬರೀ ಮರಳಲ್ಲವಂತೆ. ಮರಳಿನ ಮೇಲೆ ನಿಧಾನವಾಗಿ ಕಟ್ಟುವ ಲೋಳೆ ಲೋಳೆ ಪಾಚಿಯಂತೆ.

“ಕೊಳಕನ್ನ ಅದೇ ತಿನ್ನತ್ತೆ ಅಜ್ಜಿ.”

“ಹಾಗಾದ್ರೆ ನಿಮ್ಮಪ್ಪನ ಬನಿಯನ್ನೂ ಅದ್ದಿಡು.”

ಅವಳು ನಗಲಿಲ್ಲ. ಅವತ್ತಿನಿಂದ ನಮ್ಮ ಟೆರೇಸು ಬಾಣಂತಿ ಕೋಣೆಯಾಯಿತು. ಯಾರೂ ದಪದಪ ನಡೆಯುವ ಹಾಗಿಲ್ಲ, ಸಂಡಿಗೆ ಇಡುವ ಹಾಗಿಲ್ಲ. ಎದುರುಮನೆಯಾಕೆ ಗೇಟಿನಲ್ಲಿ ನಿಂತು “ಪಾಚಿ ಹೇಗಿದೆಯಮ್ಮ?” ಅನ್ನುವರು. “ಸ್ವಲ್ಪ ಸುಸ್ತಾಗಿದೆ ಆಂಟಿ” ಅನ್ನುವಳು ಇವಳು. ಆ ತಿಂಗಳು ನನ್ನ ಮಂಡಿ ಊದಿಕೊಂಡಿತ್ತು. ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಪಾಚಿಗೆ ಅಷ್ಟು ಉಪಚಾರ ನಡೆದದ್ದಕ್ಕೆ ಕಾರಣವಿತ್ತು. ನೀರು ಶುದ್ಧ ಮಾಡುವ ಕಂಪನಿಯೊಂದರವರು ತುಳಸಿ ಹಬ್ಬದ ಹೊತ್ತಿಗೆ ಬಂದು ನೋಡಿ, ಯಾರ ಡ್ರಮ್ಮು ಚೆನ್ನಾಗಿ ಕೆಲಸ ಮಾಡುತ್ತದೋ ಅವರೊಬ್ಬರನ್ನು ತರಬೇತಿಗೆ ತೆಗೆದುಕೊಳ್ಳುವವರಿದ್ದರು. ಆಮೇಲೆ ಅಲ್ಲೇ ಕೆಲಸ. ಪೈಪೋಟಿಯಲ್ಲಿ ಉಳಿದಿದ್ದವರು ಶುಭಾ ಮತ್ತು ಅವಳ ಕ್ಲಾಸಿನ ಮಂಜುನಾಥ. ಅವನ ಡ್ರಮ್ಮು ಉತ್ತರಹಳ್ಳಿಯ ಅವನ ಮನೆಯಲ್ಲಿತ್ತು.

ಅಷ್ಟರಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಅವತ್ತು ಮನೆಯಲ್ಲಿ ನೀರು ಹಿಡಿಯುವ ಪಾತ್ರೆಗಳನ್ನೆಲ್ಲ ಬರಿದು ಮಾಡಿ, ಬೆಳಗಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಹಂಡೆ ಹೋಗಿ ಗೀಸರ್ ಬಂದಿದ್ದರೂ ವನಜಾ ಬಿಟ್ಟವಳಲ್ಲ, ಗೀಸರಿಗೇ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುವವಳು. ಶುಭಾ ಕಾಲೇಜಿಗೆ ಹೋಗಿದ್ದಳು. ನಾನು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದೆ.

ಸಂಜೆ ಶುಭಾ ತನ್ನ ಮೇಷ್ಟ್ರನ್ನು ಕರೆದುಕೊಂಡು ಬಂದಳು, ಪಾಚಿ ತೋರಿಸುವುದಕ್ಕೆ. ನಾನೂ ಕುಂಟುತ್ತ ಅವರ ಹಿಂದೆ ಟೆರೇಸು ಹತ್ತಿದೆ. ಡ್ರಮ್ಮಿನ ಕೊರಳಿಗೆ ಚೆಂಡುಹೂವಿನ ಹಾರ, ನಲ್ಲಿಗೆ ಕುಂಕುಮ, ಮುಂದೆ ರಂಗೋಲಿ. ಮೇಷ್ಟ್ರು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಬಗ್ಗಿ ಒಳಗೆ ನೋಡಿದರು.

“ಅಮ್ಮಾ!” ಎಂದು ಶುಭಾ ಕಿರುಚಿದಳು.

“ಎಷ್ಟು ಗಲೀಜಿತ್ತು ಗೊತ್ತಾ ಸಾರ್?” ಎಂದಳು ವನಜಾ. “ಮರಳನ್ನೂ ಅಕ್ಕಿ ತೊಳೆದ ಹಾಗೆ ತೊಳೆದಿದೀನಿ. ಈಗ ಮುಖ ಕಾಣತ್ತೆ ನೋಡಿ.”

ಮೇಷ್ಟ್ರು ಪಾಪ, ಮುಖ ನೋಡಿಕೊಂಡರು. “ಬಹಳ ಚೆನ್ನಾಗಿ ತೊಳೆದಿದೀರಮ್ಮ” ಎಂದರು, ಸಾವಿನ ಮನೆಗೆ ಬಂದವರ ದನಿಯಲ್ಲಿ. ವನಜಾ ಖುಷಿಯಾಗಿ ಕಾಫಿ ತರಲು ಹೋದಳು.

“ಮೊದಲಿಂದ ಬೆಳೆಸೋಕೆ ಟೈಮ್ ಇಲ್ಲ ಶುಭಾ. ಬೇರೆ ಕಡೆ ಕಟ್ಟಿರೋ ಪದರ ಸ್ವಲ್ಪ ತಂದು ಹಾಕಿದ್ರೆ ಬೇಗ ಹಿಡಿಯಬಹುದು” ಎಂದರು ಮೇಷ್ಟ್ರು.

“ಹಾಲಿಗೆ ಹೆಪ್ಪು ಹಾಕಿದ ಹಾಗಾ ಸಾರ್?” ಎಂದೆ.

“ಹಾಗೇ ತಾಯಿ. ಆದ್ರೆ ಈಗ ಇರೋದು ಮಂಜುನಾಥನ ಹತ್ರ ಮಾತ್ರ.”

“ಸತ್ರೂ ಕೇಳಲ್ಲ” ಎಂದಳು ಶುಭಾ. “ನನಗೆ ಕೊಟ್ಟು ಅವನೇನು ತನ್ನ ಕೆಲಸ ಕಳ್ಕೋತಾನಾ?” ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೂ ಏಳಲಿಲ್ಲ. ಅಳುವ ಹುಡುಗಿಯ ತಲೆ ಸವರುವುದು ನನಗೆ ಬರುವ ಕೆಲಸವಲ್ಲ.

ಮಾರನೆಯ ಬೆಳಿಗ್ಗೆ ಊರೆಲ್ಲ ಎಣ್ಣೆನೀರಿನ ಸಂಭ್ರಮದಲ್ಲಿದ್ದಾಗ ನಾನು ತಲೆಯ ಎಣ್ಣೆಯ ಮೇಲೇ ಸೆರಗು ಹೊದ್ದು, ಎರಡು ಡಬ್ಬಿಯ ಕ್ಯಾರಿಯರ್, ಮೇಷ್ಟ್ರಿಂದ ಬರೆಸಿಕೊಂಡಿದ್ದ ಮಂಜುನಾಥನ ವಿಳಾಸ ಹಿಡಿದು ಆಟೋ ಹತ್ತಿದೆ.

“ಹಬ್ಬದೂಟನಾ ಅಜ್ಜಿ?” ಎಂದ ಆಟೋದವನು.

“ಪಾಚಿ ತರೋಕೆ ಹೋಗ್ತಿದೀನಿ.”

ಉತ್ತರಹಳ್ಳಿ ಬರುವವರೆಗೂ ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಬಾಗಿಲು ತೆಗೆದ ಮಂಜುನಾಥ ಟವೆಲ್ಲು ಸುತ್ತಿಕೊಂಡು, ಮೈತುಂಬ ಎಣ್ಣೆ ಸುರಿಸುತ್ತ ನಿಂತಿದ್ದ. “ಶುಭಾ ಅಜ್ಜಿ ಕಣಪ್ಪ ನಾನು. ನಮ್ಮನೇಲಿ ಪಾಚಿ ತೊಳೆದುಹಾಕಿದಾರೆ. ಹೆಪ್ಪಿಗೆ ಸ್ವಲ್ಪ ಕೊಡು. ಕೊಟ್ರೆ ನಿನ್ನ ಕೆಲಸಕ್ಕೇ ಕುತ್ತು ಬರಬಹುದು, ಅದೂ ತಿಳ್ಕೊಂಡು ಕೊಡು” ಎಂದೆ.

ಅವನು ಯೋಚಿಸಿದ. ಮೂಗಿನ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು. ಒಳಗಿನಿಂದ ಅವನ ತಾಯಿ ಕೂಗಿದರು: “ಹಬ್ಬದ ದಿನ ಹಿರಿಯರು ಬಾಗಿಲಿಗೆ ಬಂದು ಕೇಳ್ತಿದಾರೆ, ಕೊಡೋ! ಬಂಗಾರ ಕೇಳಿದ್ರಾ?”

ಅವನು ಮೇಲೆ ಹೋಗಿ ಚಮಚದಲ್ಲಿ ಮೆಲ್ಲಗೆ ಎತ್ತಿ ತಂದ. “ಅಲುಗಾಡಿಸಬೇಡಿ ಅಜ್ಜಿ. ಮುಚ್ಚಳ ಸಡಿಲ ಇರಲಿ, ಉಸಿರು ಕಟ್ಟತ್ತೆ” ಎಂದ. ಇವನದೂ ಅದೇ ಹುಚ್ಚು. ಇನ್ನೊಂದು ಡಬ್ಬಿಯನ್ನು ಖಾಲಿ ಕಳಿಸಬಾರದೆಂದು ಅವನ ತಾಯಿ ಅದರ ತುಂಬ ಕಜ್ಜಾಯ ಹಾಕಿಕೊಟ್ಟರು.

ಮನೆಗೆ ಬಂದು ವಿಷಯ ಹೇಳಿದೆ. ಶುಭಾ ಮರಳಿಗಂಟಿದ ಸೀಗೇಪುಡಿ ಬಿಡಿಸುವುದಕ್ಕೆ ಟೆರೇಸಿಗೆ ಓಡಿದಳು. ಕ್ಯಾರಿಯರನ್ನು ಅಡುಗೆಮನೆಯಲ್ಲಿಟ್ಟು ನಾನೂ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ವನಜಾ ಕೇಳಿದಳು:

“ಅತ್ತೆ, ಕಜ್ಜಾಯ ಯಾವ ಡಬ್ಬೀಲಿದೆ?”

“ಮೇಲಿನದ್ರಲ್ಲಿ” ಎಂದೆ. “ಕೆಳಗಿನದನ್ನ ಮುಟ್ಟಿದ್ರೆ ಕೈ ಮುರೀತೀನಿ.”